ಮೌಂಟ್ ಬ್ಲಾಂಕ್ ಸುತ್ತ ಓಡುವುದಕ್ಕೆ ಗೈಡ್ ಬೇಕೇ? ಬೇಕಾದರೆ ಎಂಥವರು?

ಬೆಳಗಿನ_ಓಟ | ಮಾರ್ಚ್ 9

ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನವಳು, ವಯಸ್ಸು 43. ಏಳು ವರ್ಷಗಳಿಂದ ವಾರಕ್ಕೆ ಮೂರು ದಿನ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ ಇಳಿಯುತ್ತಿದ್ದೇನೆ. ಮಲ್ನಾಡ್ ಅಲ್ಟ್ರಾ ಎಂಬ ಬೆಟ್ಟದ ಓಟದಲ್ಲಿ 50 ಕಿಲೋಮೀಟರ್ ಮುಗಿಸಿದ್ದೇನೆ. ಬರುವ ಜುಲೈ ಮೊದಲ ವಾರದಲ್ಲಿ ನಾವು ಮೂವರು ಗೆಳತಿಯರು ಮೌಂಟ್ ಬ್ಲಾಂಕ್ ಪರ್ವತವನ್ನು ಒಂದು ಸುತ್ತು ಹಾಕಬೇಕೆಂದಿದ್ದೇವೆ. ಸ್ಪರ್ಧೆಗಾಗಿ ಅಲ್ಲ, ನಮ್ಮ ಪಾಡಿಗೆ ನಾವು, ಆರು ದಿನಗಳಲ್ಲಿ. ಫ್ರಾನ್ಸ್‌ನ ಶಾಮೊನಿಯಿಂದ ಹೊರಟು ಇಟಲಿ, ಸ್ವಿಟ್ಜರ್‌ಲೆಂಡ್ ದಾಟಿ ಮತ್ತೆ ಶಾಮೊನಿಗೆ. ಸುಮಾರು 170 ಕಿಲೋಮೀಟರ್ ದೂರ, ಒಟ್ಟು ಏರು 10,000 ಮೀಟರಿನಷ್ಟು. ಏರಿನಲ್ಲಿ ನಡಿಗೆ, ಇಳಿಜಾರು ಮತ್ತು ಸಮತಟ್ಟಿನಲ್ಲಿ ಓಟ. ರಾತ್ರಿ ಬೆಟ್ಟದ ತಂಗುಮನೆಗಳಲ್ಲಿ ವಾಸ.

ಗೈಡ್ ವಿಚಾರದಲ್ಲಿ ನಮ್ಮಲ್ಲೇ ಒಮ್ಮತವಿಲ್ಲ. ಒಬ್ಬ ಗೆಳತಿ, ದಾರಿಯುದ್ದಕ್ಕೂ ಫಲಕಗಳಿವೆ, ಮೊಬೈಲಿನಲ್ಲಿ ನಕ್ಷೆ ಇದೆ, ಹಣವೇಕೆ ಸುರಿಯಬೇಕು ಎನ್ನುತ್ತಾಳೆ. ಇನ್ನೊಬ್ಬಳಿಗೆ ಆರೂ ದಿನ ಗೈಡ್ ಜೊತೆಯಲ್ಲಿ ಇರಲೇಬೇಕು. ನನ್ನ ಮನಸ್ಸು ಎರಡರ ನಡುವೆ ತೂಗಾಡುತ್ತಿದೆ. ಖಾಸಗಿಯಾಗಿ ಒಬ್ಬರನ್ನು ವಿಚಾರಿಸಿದಾಗ ದಿನಕ್ಕೆ 400 ಯೂರೋ, ಜೊತೆಗೆ ಅವರ ಊಟ ವಸತಿ ನಮ್ಮದೇ ಎಂದರು. ಆರು ದಿನಕ್ಕೆ ಲೆಕ್ಕ ಹಾಕಿ ನೋಡಿದರೆ ವಿಮಾನದ ಟಿಕೆಟ್ಟನ್ನು ಮೀರುತ್ತದೆ. ನಮ್ಮ ಮೂವರಲ್ಲಿ ಯಾರೂ ಹಿಮದ ಮೇಲೆ ಕಾಲಿಟ್ಟವರಲ್ಲ. ಹೋಗಿ ಬಂದವರು ದಯವಿಟ್ಟು ತಿಳಿಸಿ.

ಹಾದಿಗುರುತು | ಮಾರ್ಚ್ 9

ನಾನು ಹೋದ ವರ್ಷ ಸೆಪ್ಟೆಂಬರ್‌ನಲ್ಲಿ ಒಬ್ಬನೇ ಐದು ದಿನಗಳಲ್ಲಿ ಮುಗಿಸಿದೆ. ಗೈಡ್ ಇರಲಿಲ್ಲ, ಬೇಕು ಎಂದು ಒಂದು ಗಳಿಗೆಯೂ ಅನ್ನಿಸಲಿಲ್ಲ. ಫ್ರಾನ್ಸ್‌ನ ಭಾಗದಲ್ಲಿ ಬಂಡೆ, ಮರಗಳ ಮೇಲೆ ಬಿಳಿ ಕೆಂಪು ಪಟ್ಟಿ. ಸ್ವಿಟ್ಜರ್‌ಲೆಂಡಿಗೆ ಕಾಲಿಟ್ಟರೆ ಹಳದಿ ಫಲಕ, ಅದರ ಮೇಲೆ ಮುಂದಿನ ಊರಿಗೆ ಎಷ್ಟು ಹೊತ್ತಿನ ನಡಿಗೆ ಎಂಬುದೂ ಬರೆದಿರುತ್ತದೆ. ಎರಡು ಮೂರು ಗಂಟೆಗೊಂದು ತಂಗುಮನೆ, ಬಿಸಿ ಸೂಪು, ಬ್ರೆಡ್ಡು. ನಮ್ಮ ಪಶ್ಚಿಮಘಟ್ಟದ ಎಷ್ಟೋ ಹಾದಿಗಳಲ್ಲಿ ಇದಕ್ಕಿಂತ ಬೇಗ ದಾರಿ ತಪ್ಪುತ್ತೇವೆ. ಆ 2,400 ಯೂರೋ ಉಳಿಸಿಕೊಂಡು ಒಳ್ಳೆಯ ಮಳೆಕೋಟು, ಒಳ್ಳೆಯ ಶೂ ತೆಗೆದುಕೊಳ್ಳಿ.

ಲೆಮಾನ್_ದಡ | ಮಾರ್ಚ್ 10

ಹಾದಿಗುರುತು ಅವರು ಹೇಳಿದ್ದು ಸೆಪ್ಟೆಂಬರ್ ಮಟ್ಟಿಗೆ ಪೂರ್ತಿ ನಿಜ. ಜುಲೈ ಮೊದಲ ವಾರದ ಕಥೆ ಬೇರೆ.

ನಾನು ಹನ್ನೊಂದು ವರ್ಷಗಳಿಂದ ಸ್ವಿಟ್ಜರ್‌ಲೆಂಡ್‌ನ ಲೂಸಾನ್‌ನಲ್ಲಿದ್ದೇನೆ, ಮೂಲ ಊರು ತೀರ್ಥಹಳ್ಳಿ. ಈ ಸುತ್ತನ್ನು ಎರಡು ಬಾರಿ ಓಡಿದ್ದೇನೆ. ಮೊದಲ ಬಾರಿ ಜೂನ್ ಕೊನೆಯ ವಾರ, ಮೂವರು ಗೆಳೆಯರೊಂದಿಗೆ. ಎರಡು ದಿನಕ್ಕೆ ಮಾತ್ರ ಒಬ್ಬ ಮಹಿಳಾ ಗೈಡ್ ಇದ್ದರು. ಲೆ ಕೊಂತಮೀನ್ ಊರಿನಿಂದ ಹೊರಟು ಬೊನೊಮ್ ಪಾಸ್ (ಬೆಟ್ಟಸಾಲನ್ನು ದಾಟುವ ತಗ್ಗು) ಹತ್ತಿದೆವು. ಅದರ ಎತ್ತರ 2,329 ಮೀಟರ್. ಅಲ್ಲಿಂದ ದಾರಿ ಬೆಟ್ಟದ ಪಕ್ಕೆಯನ್ನು ಅಡ್ಡ ಹಾಯ್ದು ಇನ್ನೂ ಮೇಲಿನ ಇನ್ನೊಂದು ಪಾಸ್‌ಗೆ ಹೋಗುತ್ತದೆ. ಬೇಸಿಗೆಯಾದರೂ ಆ ಪಕ್ಕೆಯಲ್ಲಿ ಹಳೆಯ ಹಿಮದ ಪಟ್ಟಿಗಳು ಉಳಿದಿರುತ್ತವೆ. ಬೆಳಿಗ್ಗೆ ಎಂಟು ಗಂಟೆ, ಮಂಜು ಕವಿದಿತ್ತು. ಹಿಂದಿನ ದಿನ ಹೋದವರ ಹೆಜ್ಜೆಗಳು ರಾತ್ರಿ ಹೆಪ್ಪುಗಟ್ಟಿ ಗಾಜಿನಂತಾಗಿದ್ದವು. ನಮ್ಮ ಗುಂಪಿನ ಮುಂದಾಳು ಹೆಜ್ಜೆಗುರುತು ಹಿಡಿದು ಹೊರಟೇಬಿಟ್ಟ. ಗೈಡ್ ಅವನ ಬೆನ್ನಚೀಲದ ಪಟ್ಟಿಯನ್ನು ಹಿಡಿದು ನಿಲ್ಲಿಸಿದರು. ಕೆಳಗೆ ಕೈ ತೋರಿಸಿ ಒಂದೇ ಪ್ರಶ್ನೆ ಕೇಳಿದರು: "ಇಲ್ಲಿ ಜಾರಿದರೆ ಎಲ್ಲಿ ಹೋಗಿ ನಿಲ್ಲುತ್ತೀಯ?"

ಹಿಮದ ಪಟ್ಟಿ ಐವತ್ತು ಅಡಿ ಅಗಲವೂ ಇರಲಿಲ್ಲ. ಅದರ ತುದಿಯಲ್ಲಿ ಬಂಡೆಗಳ ರಾಶಿ. ನಾವು ನಾಲ್ವರೂ ದಾರಿ ಎಲ್ಲಿದೆ ಎಂದಷ್ಟೇ ನೋಡುತ್ತಿದ್ದೆವು, ಅಡಿಭಾಗವನ್ನು ಒಬ್ಬರೂ ನೋಡಿರಲಿಲ್ಲ. ಅವರು ಮೂವತ್ತು ಮೀಟರ್ ಮೇಲೆ ಹತ್ತಿಸಿ, ಹಿಮ ಮುಗಿಯುವ ಕಡೆಯಿಂದ ಸುತ್ತು ಹಾಕಿಸಿದರು. ಇನ್ನೊಂದು ಪಟ್ಟಿಯ ಅಡಿಯಲ್ಲಿ ಮೆತ್ತನೆಯ ಹುಲ್ಲು ಇತ್ತು. ಅಲ್ಲಿ ಬೇಕೆಂದೇ ದಾಟಿಸಿ, ಶೂವಿನ ಅಂಚಿನಿಂದ ಹಿಮವನ್ನು ಒದ್ದು ಮೆಟ್ಟಿಲು ಕಡಿಯುವುದು ಹೇಗೆ, ಜಾರಿದರೆ ಹೊಟ್ಟೆಯ ಮೇಲೆ ಹೊರಳಿ ಕಾಲ್ಬೆರಳು ಊರುವುದು ಹೇಗೆ ಎಂದು ಒಬ್ಬೊಬ್ಬರಿಂದಲೂ ಮೂರು ಮೂರು ಸಲ ಮಾಡಿಸಿದರು. ಅದಕ್ಕೆ ಹಿಡಿದದ್ದು ಮುಕ್ಕಾಲು ಗಂಟೆ. ಆಮೇಲಿನ ನಾಲ್ಕು ದಿನ ಅವರಿಲ್ಲದೆ ಓಡಿದೆವು, ಪ್ರತಿ ಹಿಮದ ಪಟ್ಟಿಯ ಮುಂದೆ ನಿಂತಾಗಲೂ ಅದೇ ಪ್ರಶ್ನೆ ಕೇಳಿಕೊಂಡೆವು.

ಬೆಳಗಿನ ಓಟ ಅವರೇ, ನೀವು ಮೂವರೂ ಹಿಮ ತುಳಿದವರಲ್ಲ, ಹೋಗುತ್ತಿರುವುದು ಜುಲೈ ಆರಂಭದಲ್ಲಿ. ನನ್ನ ಮಾತು ಸ್ಪಷ್ಟ: ಲೆ ಕೊಂತಮೀನ್‌ನಿಂದ ಇಟಲಿಯ ಕುರ್ಮಾಯೂರ್ ತಲುಪುವವರೆಗೆ, ಎರಡು ದಿನ ಗೈಡ್ ಇರಲಿ. ಉಳಿದ ನಾಲ್ಕು ದಿನ ನೀವೇ ಓಡಬಲ್ಲಿರಿ.

ಹಾದಿಗುರುತು | ಮಾರ್ಚ್ 10

ಒಪ್ಪುತ್ತೇನೆ. ನಾನು ಹೋದಾಗ ಆ ಪಕ್ಕೆಯಲ್ಲಿ ಹಿಮದ ಚೂರೂ ಇರಲಿಲ್ಲ. ತಿಂಗಳು ನೋಡದೆ ಬರೆದೆ, ಕ್ಷಮಿಸಿ.

ಗಿರಿಗದ್ದೆ | ಮಾರ್ಚ್ 11

ಆಲ್ಪ್ಸ್ ಕಂಡವನಲ್ಲ. ಆದರೆ ಗೈಡ್ ಎಂದರೆ ಏನು ಎಂಬುದರ ಬಗ್ಗೆ ಒಂದು ಮಾತು ಹೇಳಲೇಬೇಕು.

ಕುದುರೆಮುಖಕ್ಕೆ ಮುಳ್ಳೋಡಿ ಹಳ್ಳಿಯಿಂದ ಹತ್ತುವಾಗ ಗೈಡ್ ಕಡ್ಡಾಯ. ಓಟಗಾರರ ಗುಂಪುಗಳು ಬಂದಾಗ ಏನಾಗುತ್ತದೆ ಎಂದು ನಾನು ಕಣ್ಣಾರೆ ನೋಡುತ್ತಿದ್ದೇನೆ. ಹಣ ಕಟ್ಟುತ್ತಾರೆ, ರಶೀದಿ ಪಡೆಯುತ್ತಾರೆ, ಮೊದಲ ಹಳ್ಳ ದಾಟುತ್ತಿದ್ದಂತೆ ಗೈಡನ್ನು ಹಿಂದೆ ಬಿಟ್ಟು ಓಡಿಬಿಡುತ್ತಾರೆ. ಆ ಮನುಷ್ಯ ಆ ಬೆಟ್ಟದ ಬುಡದಲ್ಲೇ ಹುಟ್ಟಿ ಬೆಳೆದವರು. ಮೇಲೆ ಮಳೆ ಬಿದ್ದ ಎಷ್ಟು ಹೊತ್ತಿಗೆ ಯಾವ ಹಳ್ಳ ಏರುತ್ತದೆ, ಕಾಟಿಗಳ ಹಿಂಡು ಯಾವ ಶೋಲಾ ಕಾಡಿನ ಅಂಚಿನಲ್ಲಿ ಮೇಯುತ್ತದೆ ಎಂಬುದೆಲ್ಲ ಅವರಿಗೆ ಗೊತ್ತು. ನಾವು ಅವರನ್ನು ಟಿಕೆಟ್ಟಿನ ಜೊತೆ ಬಂದ ಚೀಟಿಯಂತೆ ಕಾಣುತ್ತೇವೆ. ಅದೇ ನಾವು ವಿದೇಶದ ಗೈಡ್‌ಗೆ ದಿನಕ್ಕೆ 40,000 ರೂಪಾಯಿ ಕೊಟ್ಟು ಅವರ ಪ್ರತಿ ಮಾತನ್ನೂ ಕಿವಿಗೊಟ್ಟು ಕೇಳುತ್ತೇವೆ. ಇದು ನನಗೆ ನಿಜವಾಗಿಯೂ ನೋವಿನ ಸಂಗತಿ. ಯಾವ ದೇಶದವರೇ ಆಗಲಿ, ಗೈಡ್ ಇಟ್ಟುಕೊಂಡ ಮೇಲೆ ಅವರ ಜೊತೆಯಲ್ಲೇ ಇರಿ.

ಬೆಳಗಿನ_ಓಟ | ಮಾರ್ಚ್ 11

ಗಿರಿಗದ್ದೆ ಅವರೇ, ನಿಮ್ಮ ಮಾತು ನಾಟಿತು. ಎರಡು ವರ್ಷದ ಹಿಂದೆ ಕುದುರೆಮುಖದಲ್ಲಿ ನಾವೂ ಅದನ್ನೇ ಮಾಡಿದ್ದೆವು. ಗೈಡ್ ಒಂಟಿಮರದ ಹತ್ತಿರ "ನಿಧಾನ, ಅಮ್ಮಾ" ಎಂದು ಕೂಗಿದ್ದು ಈಗಲೂ ಕಿವಿಯಲ್ಲಿದೆ. ನಾವು ಕೈ ಬೀಸಿ ಮುಂದೆ ಹೋದೆವು.

ಲೆಮಾನ್ ದಡ ಅವರೇ, ಎರಡು ದಿನದ ಸಲಹೆ ನಮ್ಮ ಮೂವರಿಗೂ ಹಿಡಿಸಿತು. ಈಗ ಮುಂದಿನ ಪ್ರಶ್ನೆ. ಅಂತರ್ಜಾಲದಲ್ಲಿ ಹುಡುಕಿದರೆ ಬಗೆಬಗೆಯ ಬಿರುದುಗಳು ಕಾಣುತ್ತವೆ. ಮೌಂಟನ್ ಗೈಡ್, ಮೌಂಟನ್ ಲೀಡರ್, ರನ್ನಿಂಗ್ ಕೋಚ್. ಇವರಲ್ಲಿ ಯಾರನ್ನು ಹಿಡಿಯಬೇಕು? ಬೆಂಗಳೂರಿನ ಕೋಚ್ ಒಬ್ಬರು, ನಾನೇ ತಂಡವನ್ನು ಕರೆದೊಯ್ಯುತ್ತೇನೆ, ದರವೂ ಕಡಿಮೆ ಎಂದು ಹೇಳುತ್ತಿದ್ದಾರೆ. ಅದು ಆದೀತೇ?

ಲೆಮಾನ್_ದಡ | ಮಾರ್ಚ್ 12

ಕೊನೆಯ ಪ್ರಶ್ನೆಗೆ ಮೊದಲು ಉತ್ತರ: ಬೇಡ. ಆ ಕೋಚ್ ಎಷ್ಟೇ ಒಳ್ಳೆಯ ಓಟಗಾರರಾಗಿದ್ದರೂ ಬೇಡ. ಫ್ರಾನ್ಸ್‌ನಲ್ಲಿ ಹಣ ಪಡೆದು ಜನರನ್ನು ಬೆಟ್ಟಕ್ಕೆ ಕರೆದೊಯ್ಯಬೇಕಾದರೆ ಕಾನೂನು ಒಪ್ಪಿದ ಅರ್ಹತೆ ಇರಬೇಕು, ವೃತ್ತಿಪರ ಗುರುತುಪತ್ರ ಇರಬೇಕು. ಸ್ವಿಟ್ಜರ್‌ಲೆಂಡ್‌ನಲ್ಲೂ 2014ರಿಂದ ಅಪಾಯವಿರುವ ಪರ್ವತ ಚಟುವಟಿಕೆಗಳಿಗೆ ಪ್ರತ್ಯೇಕ ಕಾನೂನು ಜಾರಿಯಲ್ಲಿದೆ. ಗೆಳೆಯರಾಗಿ ಜೊತೆಗೆ ಬರಲಿ, ಖರ್ಚು ಹಂಚಿಕೊಳ್ಳಲಿ, ತಪ್ಪೇನಿಲ್ಲ. ಸಂಭಾವನೆ ಪಡೆದು ಮುಂದಾಳತ್ವ ವಹಿಸಿದರೆ ಕಾನೂನು ಮುರಿದಂತೆ. ಅಪಘಾತವಾದ ದಿನ ವಿಮೆಯವರು ಕೇಳುವ ಮೊದಲ ಪ್ರಶ್ನೆಯೂ ಅದೇ.

ಬಿರುದುಗಳ ವಿಚಾರ. ಇಲ್ಲಿ ಮುಖ್ಯವಾಗಿ ಎರಡು ವರ್ಗ. ಮೊದಲನೆಯದು ಪರ್ವತ ಗೈಡ್. ಹಿಮನದಿ, ಬಂಡೆ, ಮಂಜುಗಡ್ಡೆ, ಹಗ್ಗದ ಕೆಲಸ ಎಲ್ಲವೂ ಇವರ ವ್ಯಾಪ್ತಿ. 1965ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಒಕ್ಕೂಟ ಐಎಫ್‌ಎಂಜಿಎ ಇವರದು, ಫ್ರೆಂಚರು ಯುಐಎಜಿಎಂ ಎನ್ನುತ್ತಾರೆ. ಶಾಮೊನಿಯ ಗೈಡ್‌ಗಳ ಸಂಘವಂತೂ 1821ರಷ್ಟು ಹಳೆಯದು. ಎರಡನೆಯದು ಇಂಟರ್‌ನ್ಯಾಷನಲ್ ಮೌಂಟನ್ ಲೀಡರ್. ಇವರ ಒಕ್ಕೂಟ ಯುಐಎಂಎಲ್‌ಎ, ಆರಂಭವಾದದ್ದು 2004ರಲ್ಲಿ. ಹಿಮನದಿಗೆ ಇವರು ಕರೆದೊಯ್ಯುವಂತಿಲ್ಲ, ಹಗ್ಗ ಕಟ್ಟಿ ಹತ್ತುವ ಜಾಗವೂ ಇವರದಲ್ಲ. ಅದರಾಚೆಗಿನ ನಡಿಗೆಯ ಹಾದಿಗಳೆಲ್ಲ ಇವರ ಕ್ಷೇತ್ರ.

ನಿಮ್ಮ ಸುತ್ತಿನಲ್ಲಿ ಹಿಮನದಿಯನ್ನು ನೋಡುತ್ತೀರಿ, ಅದರ ಮೇಲೆ ಕಾಲಿಡುವುದಿಲ್ಲ. ಹಾಗಾಗಿ ನಿಮಗೆ ಸರಿಹೊಂದುವುದು ಎರಡನೆಯ ವರ್ಗ. ದರವೂ ಸಾಮಾನ್ಯವಾಗಿ ಕಡಿಮೆ. ಆದರೆ ಮೌಂಟನ್ ಲೀಡರ್‌ಗಳಲ್ಲಿ ಹೆಚ್ಚಿನವರು ಚಾರಣ ಮಾಡಿಸುವವರು. ನಿಮಗೆ ಬೇಕಾದದ್ದು ಆ ಅರ್ಹತೆಯ ಜೊತೆಗೆ ಸ್ವತಃ ಓಡುವವರು, ಓಟದ ಗುಂಪುಗಳನ್ನು ನಡೆಸಿ ರೂಢಿಯಿರುವವರು. ಓಟದ ಚೀಲ ಚಿಕ್ಕದು. ಅದರಲ್ಲಿ ಇಡೀ ಗುಂಪಿಗೆ ಬೇಕಾದ ಪ್ರಥಮ ಚಿಕಿತ್ಸೆಯ ಸಾಮಾನು, ಬಿದ್ದವರನ್ನು ಬೆಚ್ಚಗಿಡುವ ಹೊದಿಕೆ ಹೊಂದಿಸುವುದು ಬೇರೆಯೇ ಕಲೆ.

ಒಕ್ಕೂಟಗಳ ಜಾಲತಾಣದಲ್ಲಿ ಸದಸ್ಯರ ಪಟ್ಟಿ ಇದೆ. ಹೆಸರು ಅಲ್ಲಿದೆಯೇ ಎಂದು ನೋಡಿಯೇ ಮುಂಗಡ ಕಳುಹಿಸಿ.

ನಿಟ್ಟುಸಿರು_ಇಲ್ಲ | ಮಾರ್ಚ್ 12

ಹಾಗಾದರೆ ಮೌಂಟ್ ಬ್ಲಾಂಕ್ ಶಿಖರಕ್ಕೇ ಓಡಿಕೊಂಡು ಹೋಗುವ ವೀಡಿಯೊಗಳು ಬರುತ್ತವಲ್ಲ? ಅವರೆಲ್ಲ ಟ್ರೇಲ್ ಶೂ (ಕಾಲ್ದಾರಿ ಓಟದ ಹಗುರ ಶೂ) ಹಾಕಿಕೊಂಡೇ ಹೋಗುತ್ತಾರೆ.

ಲೆಮಾನ್_ದಡ | ಮಾರ್ಚ್ 12

ಹಾಗೆ ಹೊರಟವರಲ್ಲಿ ಸತ್ತವರಿದ್ದಾರೆ. 2017ರ ಆಗಸ್ಟ್‌ನಲ್ಲಿ ಒಬ್ಬ ಓಟಗಾರ ತೀರಿಕೊಂಡ ಮೇಲೆ ಪರ್ವತದ ಬುಡದ ಸೇಂಟ್ ಜರ್ವೆ ಊರಿನ ನಗರಾಡಳಿತ, ಆ ಕಡೆಯಿಂದ ಶಿಖರಕ್ಕೆ ಹೋಗುವವರಿಗೆ ಪರ್ವತಾರೋಹಣದ ಸಲಕರಣೆ ಕಡ್ಡಾಯ ಎಂದು ಆದೇಶ ಹೊರಡಿಸಿತು. ಶಿಖರಕ್ಕೆ ಹೋಗುವುದಾದರೆ ಮೊದಲ ವರ್ಗದ ಪರ್ವತ ಗೈಡ್, ಮುಳ್ಳುಶೂ, ಹಗ್ಗ. ಅದು ಓಟವೇ ಅಲ್ಲ.

ಉತ್ತರಕಾಶಿ_ಬ್ಯಾಚ್ | ಮಾರ್ಚ್ 14

ನಾನು ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆಯಲ್ಲಿ ಬೇಸಿಕ್ ಮತ್ತು ಅಡ್ವಾನ್ಸ್ ಕೋರ್ಸ್ ಮಾಡಿದವನು. ಗಢವಾಲ್‌ನಲ್ಲಿ ಓಟದ ಗುಂಪುಗಳ ಜೊತೆ ಕೆಲಸ ಮಾಡಿದ್ದೇನೆ. ಇಲ್ಲಿ ಬಂದ ಸಲಹೆಗಳಲ್ಲಿ ಒಂದು ಅಂಶ ಬಿಟ್ಟುಹೋಗಿದೆ. ಚಳಿ.

ಓಡುವವನ ಮೈ ಬಿಸಿಯಾಗಿರುತ್ತದೆ, ಬಟ್ಟೆ ತೆಳ್ಳಗಿರುತ್ತದೆ, ಒಳಗೆಲ್ಲ ಬೆವರು. ಕಾಲು ಉಳುಕಿ ಹತ್ತು ನಿಮಿಷ ಕುಳಿತರೆ ಸಾಕು, ಅದೇ ಬೆವರು ಶತ್ರುವಾಗುತ್ತದೆ. ಎತ್ತರ 1,000 ಮೀಟರ್ ಏರಿದಂತೆ ಉಷ್ಣತೆ ಸುಮಾರು 6.5 ಡಿಗ್ರಿ ಇಳಿಯುತ್ತದೆ, ಗಾಳಿಯ ಹೊಡೆತ ಅದರ ಮೇಲೆ. 2021ರ ಮೇ 22ರಂದು ಚೀನಾದ ಗಾನ್ಸು ಪ್ರಾಂತ್ಯದಲ್ಲಿ 100 ಕಿಲೋಮೀಟರಿನ ಬೆಟ್ಟದ ಓಟ ನಡೆಯಿತು. ಸ್ಪರ್ಧಿಗಳು 172. ಮಧ್ಯಾಹ್ನದ ಹೊತ್ತಿಗೆ ಗಾಳಿ, ಆಲಿಕಲ್ಲು, ಕೊರೆಯುವ ಮಳೆ. 21 ಮಂದಿ ತೀರಿಕೊಂಡರು, ಅವರಲ್ಲಿ ಆ ದೇಶದ ಅತ್ಯುತ್ತಮ ಓಟಗಾರರೂ ಇದ್ದರು. ಗಾಳಿ ತಡೆಯುವ ಕೋಟು ಆ ಸ್ಪರ್ಧೆಯ ಕಡ್ಡಾಯ ಸಾಮಾನಿನಲ್ಲಿ ಇರಲಿಲ್ಲ.

ನಮ್ಮದೇ ಗಾಯ ಇನ್ನೂ ಹಸಿಯಾಗಿದೆ. 2024ರ ಜೂನ್ ಮೊದಲ ವಾರ ಉತ್ತರಾಖಂಡದ ಸಹಸ್ರತಾಲ್ ಚಾರಣದಲ್ಲಿ ಹಿಮಗಾಳಿಗೆ ಸಿಕ್ಕು ಒಂಬತ್ತು ಮಂದಿ ಪ್ರಾಣ ಬಿಟ್ಟರು. ಹೆಚ್ಚಿನವರು ಕರ್ನಾಟಕದವರೇ ಇದ್ದ 22 ಜನರ ತಂಡ ಅದು. ಬೆಟ್ಟದಲ್ಲಿ ಅನುಭವವಿದ್ದವರು, ಮನೆಮಂದಿಯ ಹಾಗೆ ನಮ್ಮಲ್ಲಿ ಹಲವರಿಗೆ ಪರಿಚಿತರು. ತಂಡದಲ್ಲಿ ಸ್ಥಳೀಯ ಗೈಡ್‌ಗಳೂ ಇದ್ದರು. ಯಾರ ಮೇಲೂ ತಪ್ಪು ಹೊರಿಸುವುದಕ್ಕೆ ಇದನ್ನು ಬರೆಯುತ್ತಿಲ್ಲ. ಗೈಡ್ ಇದ್ದಾರೆ ಎಂದ ಮಾತ್ರಕ್ಕೆ ಹವಾಮಾನ ನಿಮಗೆ ರಿಯಾಯಿತಿ ಕೊಡುವುದಿಲ್ಲ. ಆದ್ದರಿಂದ ಹೊರಡುವ ಮೊದಲೇ ಗೈಡ್‌ನ ಜೊತೆ ಕುಳಿತು, ಹಿಂದಿರುಗುವ ಗಂಟೆ ಯಾವುದು, ಯಾವ ಜಾಗದಲ್ಲಿ ತೀರ್ಮಾನ, ಯಾರ ಮಾತು ಕೊನೆಯದು ಎಂದು ಗಟ್ಟಿ ಮಾಡಿಕೊಳ್ಳಿ. ಗುಂಪಿನಲ್ಲಿ ಒಬ್ಬರು ಬೇಡ ಎಂದರೂ ಎಲ್ಲರೂ ಹಿಂದಿರುಗುವುದು ನನ್ನ ಗುಂಪಿನ ಕಟ್ಟುಪಾಡು.

ನಾನು ಬಳಸುವ ಒಂದು ಪರೀಕ್ಷೆ ಇದೆ. ಅರ್ಧ ಗಂಟೆಗೊಮ್ಮೆ ಪ್ರತಿಯೊಬ್ಬರೂ ಹೆಬ್ಬೆರಳನ್ನು ಕಿರುಬೆರಳಿಗೆ ತಾಗಿಸಿ ತೋರಿಸಬೇಕು. ಆಗದಿದ್ದರೆ ಇನ್ನು ಸ್ವಲ್ಪ ಹೊತ್ತಿಗೆ ಕೋಟಿನ ಜಿಪ್ ಎಳೆಯಲೂ ಆಗುವುದಿಲ್ಲ. ಅಷ್ಟರೊಳಗೆ ಕೋಟು ಮೈಮೇಲೆ ಇರಬೇಕು, ಬಾಯಿಗೆ ಬೆಲ್ಲವೋ ಚಿಕ್ಕಿಯೋ ಬಿದ್ದಿರಬೇಕು.

ಬೆಳಗಿನ_ಓಟ | ಮಾರ್ಚ್ 14

ಸಹಸ್ರತಾಲ್‌ಗೆ ಹೋದವರಲ್ಲಿ ಒಬ್ಬರು ನನ್ನ ಗೆಳತಿಯ ಸಹೋದ್ಯೋಗಿಯ ಬಂಧು. ಮನೆಯವರು ಈ ಪ್ರವಾಸಕ್ಕೆ ಹೆದರುತ್ತಿರುವುದೂ ಅದಕ್ಕೇ. ನಿಮ್ಮ ಬರಹವನ್ನು ಅತ್ತೆಗೆ ಓದಿ ಹೇಳಿದೆ. ಗೈಡ್ ಇಲ್ಲದೆ ಹೋಗಬೇಡ ಎಂದರು. ಬೆರಳಿನ ಪರೀಕ್ಷೆಯನ್ನು ಅವರೂ ಮಾಡಿ ನೋಡಿದರು.

ಕಾಲ್ದಾರಿ_ಕಮಲ | ಮಾರ್ಚ್ 15

ಅಕ್ಕ, ಗೈಡ್‌ಗೆ ಮೊದಲ ಇಮೇಲ್ ಬರೆಯುವಾಗ ಮುಲಾಜಿಲ್ಲದೆ ಕೇಳಿ. ನಾವು ಹೋದಾಗ ಸಂಕೋಚಪಟ್ಟು ಕೆಟ್ಟೆವು. ನಮ್ಮದು ಏಜೆನ್ಸಿಯ ಮೂಲಕ ಹೋದ ಗುಂಪು, ಎಂಟು ಜನಕ್ಕೆ ಒಬ್ಬರೇ ಗೈಡ್. ಏಜೆನ್ಸಿಯ ಹೆಸರು ಹೇಳುವುದಿಲ್ಲ. ಗುಂಪಿನಲ್ಲಿ ಇಬ್ಬರು ಚಿಗರೆಗಳಂತೆ ಓಡುವವರು, ನನ್ನಂಥ ಇಬ್ಬರು ನಿಧಾನದವರು. ಗೈಡ್ ನಡುವೆ ಸಿಕ್ಕಿ ಒದ್ದಾಡಿದರು. ಮೂರನೆಯ ದಿನ ಮಧ್ಯಾಹ್ನ ಎರಡು ಗಂಟೆಗೆ ಗುಡುಗು ಶುರುವಾದಾಗ ನಾವಿಬ್ಬರು ಬೋಳು ದಿಣ್ಣೆಯ ಮೇಲೆ ಇದ್ದೆವು, ಗೈಡ್ ಮುಕ್ಕಾಲು ಕಿಲೋಮೀಟರ್ ಮುಂದೆ. ಕೈಯಲ್ಲಿ ಲೋಹದ ಊರುಗೋಲು. ನನ್ನ ಮಕ್ಕಳ ಮುಖ ಕಣ್ಣ ಮುಂದೆ ಬಂತು. ಏನೂ ಆಗಲಿಲ್ಲ, ಆದರೆ ಆ ಇಪ್ಪತ್ತು ನಿಮಿಷ ನನ್ನನ್ನು ಬಿಟ್ಟಿಲ್ಲ.

ಅದಕ್ಕೇ ಗುಂಪಿನಲ್ಲಿ ಎಷ್ಟು ಜನ, ವೇಗ ಹೊಂದದಿದ್ದರೆ ಏನು ಮಾಡುತ್ತೀರಿ ಎಂದು ಮೊದಲೇ ಕೇಳಿ. ಏರಿನಲ್ಲಿ ಗಂಟೆಗೆ ಎಷ್ಟು ಮೀಟರ್ ಎತ್ತರ ಹತ್ತಬಲ್ಲಿರಿ ಎಂದು ನಿಮ್ಮ ಲೆಕ್ಕವನ್ನೂ ಪ್ರಾಮಾಣಿಕವಾಗಿ ಕೊಡಿ. ಕಿಲೋಮೀಟರಿಗೆ ಎಷ್ಟು ನಿಮಿಷ ಎಂಬ ನಮ್ಮ ಲೆಕ್ಕ ಅಲ್ಲಿ ಕೆಲಸಕ್ಕೆ ಬಾರದು. ಹವಾಮಾನ ಕೆಟ್ಟರೆ ದಿನ ರದ್ದಾಗುವುದೋ, ಬೇರೆ ಕಣಿವೆಯಲ್ಲಿ ಓಡಿಸುತ್ತಾರೋ, ಹಣದ ಗತಿ ಏನು, ಇದನ್ನೂ ಬರಹದಲ್ಲಿ ಪಡೆಯಿರಿ. ಇನ್ನೊಂದು, ಇತ್ತೀಚೆಗೆ ಯಾವಾಗ ಗುಂಪನ್ನು ಅರ್ಧದಲ್ಲಿ ವಾಪಸ್ ಕರೆತಂದಿರಿ ಎಂದು ಕೇಳಿ. ಅದಕ್ಕೆ ತಡವರಿಸದೆ ಉತ್ತರ ಕೊಡುವವರನ್ನು ನಂಬಿ.

ಹಾದಿಗುರುತು | ಮಾರ್ಚ್ 15

ಗಂಟೆಗೆ ಎಷ್ಟು ಮೀಟರ್ ಎಂಬುದನ್ನು ಚಾಮುಂಡಿ ಬೆಟ್ಟದಲ್ಲೇ ಅಳೆಯಬಹುದು. ಆರು ದಿನದ ಸಾಮಾನು ತುಂಬಿದ ಚೀಲ ಹೊತ್ತು, ಮೆಟ್ಟಿಲು ಹತ್ತಿ ಇಳಿದು ಮತ್ತೆ ಹತ್ತಿ, ಮೂರು ಗಂಟೆ ಎಡೆಬಿಡದೆ ಮಾಡಿ. ಒಟ್ಟು ಏರನ್ನು ಮೂರರಿಂದ ಭಾಗಿಸಿ. ಗೈಡ್‌ಗೆ ಆ ಸಂಖ್ಯೆ ಕೊಡಿ. ಮೊದಲ ಗಂಟೆಯ ಸಂಖ್ಯೆ ಕೊಟ್ಟರೆ ಮೋಸ ಹೋಗುವುದು ನೀವೇ.

ಲೆಮಾನ್_ದಡ | ಮಾರ್ಚ್ 16

ವಿಮೆಯ ಬಗ್ಗೆ ಯಾರೂ ಬರೆಯಲಿಲ್ಲ. ಷೆಂಗೆನ್ ವೀಸಾಕ್ಕೆ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಹೇಗೂ ಮಾಡಿಸುತ್ತೀರಿ. ಅದರ ಸಣ್ಣಕ್ಷರವನ್ನು ಓದಿ: ಸಾಹಸ ಕ್ರೀಡೆ, ಪರ್ವತ ಚಟುವಟಿಕೆ ಹೊರತು ಎಂದು ಬರೆದಿದ್ದರೆ ಬೆಟ್ಟದ ಮಟ್ಟಿಗೆ ಅದು ಇದ್ದೂ ಇಲ್ಲದ ಹಾಗೆ. ಫ್ರಾನ್ಸ್‌ನಲ್ಲಿ ಪರ್ವತ ರಕ್ಷಣೆ ಸರ್ಕಾರಿ ಸೇವೆ, ಸಾಮಾನ್ಯವಾಗಿ ಹಣ ಕೇಳುವುದಿಲ್ಲ. ಸ್ವಿಟ್ಜರ್‌ಲೆಂಡ್‌ನಲ್ಲಿ ಹೆಲಿಕಾಪ್ಟರ್ ಬಂದರೆ ಬಿಲ್ಲು ನಿಮ್ಮ ಹೆಸರಿಗೇ ಬರುತ್ತದೆ. ಪರ್ವತ ರಕ್ಷಣೆಯ ವೆಚ್ಚವನ್ನು ಹೆಸರಿಸಿ ಒಳಗೊಂಡ ವಿಮೆ ಮಾಡಿಸಿ. ಗೈಡ್‌ಗೆ ಇರುವ ವಿಮೆ ಅವರ ಹೊಣೆಗಾರಿಕೆಗೆ ಸಂಬಂಧಿಸಿದ್ದು, ನಿಮ್ಮ ಆಸ್ಪತ್ರೆಯ ಖರ್ಚಿಗಲ್ಲ.

ಮೂರೂ ದೇಶಗಳಲ್ಲಿ 112 ನಡೆಯುತ್ತದೆ. ಸ್ವಿಟ್ಜರ್‌ಲೆಂಡ್‌ನ ಬೇರೆ ಕಡೆ ಹೆಲಿಕಾಪ್ಟರ್ ರಕ್ಷಣೆಗೆ 1414 ಎನ್ನುತ್ತಾರೆ, ಆದರೆ ನಿಮ್ಮ ದಾರಿ ಹೋಗುವುದು ವಾಲೆ ಪ್ರಾಂತ್ಯದಲ್ಲಿ, ಅಲ್ಲಿ 144. ಸಿಗ್ನಲ್ ಇಲ್ಲದಿದ್ದರೆ ಸೀಟಿ: ನಿಮಿಷಕ್ಕೆ ಆರು ಬಾರಿ ಊದಿ ಒಂದು ನಿಮಿಷ ಬಿಡುವುದು, ಮತ್ತೆ ಆರು. ಹೆಲಿಕಾಪ್ಟರ್ ಕಂಡರೆ ಎರಡೂ ಕೈ ಮೇಲೆತ್ತಿದರೆ ಸಹಾಯ ಬೇಕು ಎಂದರ್ಥ. ಸುಮ್ಮನೆ ಕೈ ಬೀಸಬೇಡಿ.

ಉತ್ತರಕಾಶಿ_ಬ್ಯಾಚ್ | ಮಾರ್ಚ್ 17

ಇದನ್ನು ಓದಿ ಹಿಮಾಲಯಕ್ಕೆ ಹೊರಡುವವರಿಗೆ ಒಂದು ಎಚ್ಚರಿಕೆ ಸೇರಿಸುತ್ತೇನೆ. ಮೌಂಟ್ ಬ್ಲಾಂಕ್ ಸುತ್ತಿನಲ್ಲಿ ಅತಿ ಎತ್ತರದ ಜಾಗ 2,665 ಮೀಟರ್, ರಾತ್ರಿ ಮಲಗುವುದು ಅದಕ್ಕಿಂತ ಕೆಳಗೆ. ಎತ್ತರದ ಕಾಯಿಲೆಯ ಚಿಂತೆ ಅಷ್ಟಿಲ್ಲ. ಹಿಮಾಲಯದಲ್ಲಿ ಓಟ ಶುರುವಾಗುವುದೇ ಅಲ್ಲಿಂದ ಮೇಲೆ. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ವಿಶ್ರಾಂತಿ ಬೇಕು. ನಾಲ್ಕು ದಿನದಲ್ಲಿ ಮುಗಿಸಿಕೊಡುತ್ತೇವೆ ಎಂದು ಒಪ್ಪಿಕೊಳ್ಳುವ ಗೈಡ್‌ನನ್ನು ಬಿಟ್ಟು, ಏಳು ದಿನ ಬೇಕು ಎಂದು ಹಟ ಹಿಡಿಯುವವನನ್ನು ಇಟ್ಟುಕೊಳ್ಳಿ. ಉತ್ತರಕಾಶಿ, ಮನಾಲಿ, ಡಾರ್ಜಿಲಿಂಗ್ ಸಂಸ್ಥೆಗಳ ಕೋರ್ಸಿನ ಪ್ರಮಾಣಪತ್ರ ಕೇಳಿ, ಪ್ರಥಮ ಚಿಕಿತ್ಸೆಯ ತರಬೇತಿ ಯಾವ ವರ್ಷದ್ದು ಎಂದು ಕೇಳಿ.

ಬೆಳಗಿನ_ಓಟ | ಏಪ್ರಿಲ್ 20

ವಿಷಯ ಗಟ್ಟಿಯಾಯಿತು. ಐದು ಗೈಡ್‌ಗಳಿಗೆ ಬರೆದೆ, ಮೂವರು ಉತ್ತರಿಸಿದರು. ಯಾವಾಗ ವಾಪಸ್ ಬಂದಿರಿ ಎಂಬ ಪ್ರಶ್ನೆಗೆ ಒಬ್ಬರು "ನನ್ನ ಗುಂಪು ಎಂದೂ ವಾಪಸ್ ಬಂದಿಲ್ಲ" ಎಂದು ಹೆಮ್ಮೆಯಿಂದ ಬರೆದಿದ್ದರು. ಇನ್ನೊಬ್ಬರು ಹಿಂದಿನ ಜುಲೈನ ಮೂರು ದಿನಗಳನ್ನು ಜಾಗದ ಹೆಸರು ಸಮೇತ ಬರೆದು, ಅಂದು ಏನು ನೋಡಿ ತಿರುಗಿದೆ ಎಂದೂ ವಿವರಿಸಿದ್ದರು. ಅವರನ್ನೇ ಗೊತ್ತು ಮಾಡಿದೆವು. ದಿನಕ್ಕೆ 380 ಯೂರೋ, ಎರಡು ದಿನ. ಮೂವರು ಹಂಚಿಕೊಂಡರೆ ಭಾರವಲ್ಲ. ಚಾಮುಂಡಿ ಬೆಟ್ಟದ ಲೆಕ್ಕ: ಗಂಟೆಗೆ 420 ಮೀಟರ್. ಅದನ್ನು ಓದಿ ಅವರು ನಮ್ಮ ಎರಡನೆಯ ದಿನದ ಯೋಜನೆಯಿಂದ ಒಂದು ಪಾಸ್ ತೆಗೆದುಹಾಕಿದರು.

ಬೆಳಗಿನ_ಓಟ | ಜುಲೈ 16

ನಿನ್ನೆ ಮೈಸೂರು ತಲುಪಿದೆವು. ಮೂವರೂ ಕ್ಷೇಮ. ಸುತ್ತು ಪೂರ್ತಿಯಾಯಿತು.

ಬೊನೊಮ್ ಪಾಸ್ ಆಚೆ ಹಿಮ ಇತ್ತು, ಐದು ಪಟ್ಟಿಗಳು. ಮೊದಲ ಪಟ್ಟಿಯ ಅಂಚಿನಲ್ಲಿ ಗೈಡ್ ನಿಂತು ನಮ್ಮತ್ತ ತಿರುಗಿದಾಗ, ಅವರು ಬಾಯಿ ತೆರೆಯುವ ಮೊದಲೇ ನಾವು ಮೂವರೂ ಕೆಳಗೆ ನೋಡುತ್ತಿದ್ದೆವು. ಅವರಿಗೆ ಅಚ್ಚರಿಯಾಯಿತು. ತೀರ್ಥಹಳ್ಳಿಯ ಒಬ್ಬರು ಕಲಿಸಿದ್ದು ಎಂದೆ. ಲೆಮಾನ್ ದಡ ಅವರೇ, ನಿಮಗೆ ನಮಸ್ಕಾರ.

ಅವರಿಂದ ಕಲಿತದ್ದರಲ್ಲಿ ಒಂದನ್ನು ಬರೆಯುತ್ತೇನೆ. ಮೊದಲ ಏರಿನಲ್ಲಿ ಅವರು ನಮ್ಮ ಹಿಂದೆ ನಡೆಯುತ್ತಿದ್ದರು. ಕಡೆಯವಳಾದ ನನ್ನನ್ನು ಮನೆ, ಮಕ್ಕಳು, ಅಡುಗೆ ಎಂದು ಒಂದೇ ಸಮನೆ ಮಾತಾಡಿಸಿದರು. ಸ್ನೇಹದ ಮಾತು ಎಂದುಕೊಂಡೆ. ಸ್ವಲ್ಪ ಹೊತ್ತಿನ ನಂತರ ಮುಂದಿದ್ದ ಗೆಳತಿಗೆ ನಿಧಾನ ಎಂದು ಕೂಗಿದರು. ನಾನು ಬಿಸಿಬೇಳೆಬಾತ್ ವಿವರಿಸುತ್ತಾ ವಾಕ್ಯದ ನಡುವೆ ಉಸಿರಿಗೆ ನಿಂತಿದ್ದೆ, ಅವರು ಕೇಳಿಸಿಕೊಳ್ಳುತ್ತಿದ್ದದ್ದು ಅದನ್ನು.

ಐದನೆಯ ದಿನ ಅವರು ಇರಲಿಲ್ಲ. ಶಾಂಪೆಯಿಂದ ತ್ರಿಯಾಂಗೆ ಎರಡು ದಾರಿ. ಒಂದು ಫೆನೆತ್ರ್ ದಾರ್ಪೆತ್ ಎಂಬ 2,665 ಮೀಟರ್ ಎತ್ತರದ ಕಲ್ಲು ಪಾಸ್, ಇನ್ನೊಂದು ಬೊವೀನ್ ಹುಲ್ಲುಗಾವಲಿನ ತಗ್ಗಿನ ದಾರಿ. ಮೇಲಿನ ದಾರಿಗೆಂದೇ ನಾವು ಆಸೆಯಿಂದ ಬಂದಿದ್ದೆವು. ಮಧ್ಯಾಹ್ನ ಒಂದರ ನಂತರ ಗುಡುಗು ಎಂದು ಮುನ್ಸೂಚನೆ ಇತ್ತು. ನಮ್ಮ ಗಂಟೆಗೆ 420 ಮೀಟರ್ ಲೆಕ್ಕ ಹಾಕಿದರೆ ಪಾಸ್ ದಾಟಿ ಇಳಿಯುವಷ್ಟರಲ್ಲಿ ಹನ್ನೆರಡೂವರೆ. ಒಬ್ಬ ಗೆಳತಿ ಹೋಗೋಣ ಎಂದಳು, ಇನ್ನೊಬ್ಬಳು ಬೇಡ ಎಂದಳು. ಉತ್ತರಕಾಶಿ ಬ್ಯಾಚ್ ಅವರ ಕಟ್ಟುಪಾಡಿನಂತೆ ಅಲ್ಲಿಗೆ ಮಾತು ಮುಗಿಯಿತು. ಬೊವೀನ್ ದಾರಿ ಹಿಡಿದೆವು. ಗುಡುಗು ಬರಲೇ ಇಲ್ಲ. ಸಂಜೆಯವರೆಗೂ ಬಿಸಿಲು. ಆ ಬಿಸಿಲಿನಲ್ಲಿ ಗೆಳತಿಯ ಕಣ್ಣಲ್ಲಿ ನೀರು ತುಂಬಿತ್ತು, ನನಗೂ ಹೊಟ್ಟೆ ಉರಿಯಿತು. ಆದರೂ ಅದೇ ಮುನ್ಸೂಚನೆ ಮತ್ತೆ ಸಿಕ್ಕರೆ ಅದೇ ದಾರಿ ಹಿಡಿಯುತ್ತೇವೆ.

ಗೈಡ್‌ನ ಸಂಪರ್ಕ ಬೇಕಾದವರು ಖಾಸಗಿಯಾಗಿ ಕೇಳಿ.

ಗಿರಿಗದ್ದೆ ಅವರೇ, ಅಕ್ಟೋಬರ್‌ನಲ್ಲಿ ನಾವು ಮೂವರೂ ಕುದುರೆಮುಖಕ್ಕೆ ಬರುತ್ತಿದ್ದೇವೆ. ಅಂದು ನಾವು ಹಿಂದೆ ಬಿಟ್ಟು ಹೋದ ಗೈಡ್ ಈಗಲೂ ಇದ್ದಾರೆಯೇ ಎಂದು ಮುಳ್ಳೋಡಿಯ ಮನೆಗೆ ಫೋನ್ ಮಾಡಿ ಕೇಳಿದೆ. ಇದ್ದಾರಂತೆ. ಅವರೇ ಬೇಕು ಎಂದು ಹೇಳಿಟ್ಟಿದ್ದೇನೆ.